ಡಿಸ್ನಿ ವರ್ಲ್ಡ್‌ನಲ್ಲಿ ಟೇಬಲ್ ಬುಕ್ ಆಗಿದೆ, ಎಷ್ಟು ಮುಂಚೆ ಹೋಗಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವ ಅಟ್ಲಾಂಟಾದಿಂದ ಒರ್ಲ್ಯಾಂಡೊಗೆ ಕಾರಿನಲ್ಲಿ ಸುಮಾರು ಏಳು ಗಂಟೆ ದಾರಿ. ಹಾಗಾಗಿ ಊರಿಂದ ಯಾರು ಬಂದರೂ ಡಿಸ್ನಿ ವರ್ಲ್ಡ್ ತೋರಿಸುವ ಕೆಲಸ ನಮ್ಮ ಪಾಲಿಗೇ ಬರುತ್ತದೆ. ಅಪ್ಪ ಅಮ್ಮ, ಅತ್ತೆ ಮಾವ, ಚಿಕ್ಕಪ್ಪನ ಮಕ್ಕಳು, ಒಮ್ಮೆ ಪಕ್ಕದ ಮನೆಯವರ ಬೀಗರು ಕೂಡ. ಟಿಕೆಟ್, ಹೋಟೆಲ್ ವಿಷಯ ಹೇಗೋ ಬಗೆಹರಿಯುತ್ತದೆ. ತಲೆಬಿಸಿಯೆಲ್ಲ ಊಟದ್ದೇ. "ಒಂದು ಗಂಟೆಗೆ ಟೇಬಲ್ ಬುಕ್ ಮಾಡಿದ್ದೀವಿ, ಎಷ್ಟು ಹೊತ್ತಿಗೆ ಹೊರಡಬೇಕು?" ಅಂತ ಕೇಳದೆ ಇರುವವರೇ ಇಲ್ಲ. ವಾಟ್ಸಾಪ್‌ನಲ್ಲಿ ಇದೇ ಉತ್ತರ ಬರೆದು ಬರೆದು ಸಾಕಾಗಿದೆ. ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಸುತ್ತು ಬಳಸು ಬೇಡ. ಎಷ್ಟು ಮುಂಚೆ ಹೋಗಬೇಕು?

ರೆಸ್ಟೋರೆಂಟ್ ಬಾಗಿಲ ಹತ್ತಿರ ಹೆಸರು ಹೇಳುವ ಕೌಂಟರ್ ಇರುತ್ತದಲ್ಲ, ಅಲ್ಲಿ 15 ನಿಮಿಷ ಮುಂಚೆ ನಿಂತಿರಿ. ಪಾರ್ಕಿನ ಗೇಟಿನಲ್ಲಿ ಅಲ್ಲ. ಕಾರು ನಿಲ್ಲಿಸುವ ಜಾಗದಲ್ಲಂತೂ ಅಲ್ಲವೇ ಅಲ್ಲ. ಆ ಕೌಂಟರಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಈ ಪುಟದಲ್ಲಿ ಇನ್ನುಳಿದಿರುವುದೆಲ್ಲ ಆ ಹಿಂದಿನ ಲೆಕ್ಕವೇ. ಎಡವುವುದೂ ಅಲ್ಲೇ.

ಒಂದು ಗಂಟೆಗೆ ಬುಕಿಂಗ್ ಅಂದರೆ ಒಂದು ಗಂಟೆಗೆ ಕೂರಿಸಬೇಕು ಅಲ್ವಾ?

ಇಲ್ಲ. ನಿಮಗೆ ಅಂತ ಒಂದು ಟೇಬಲ್ ಖಾಲಿ ಇಟ್ಟುಕೊಂಡು ಯಾರೂ ಕಾಯುವುದಿಲ್ಲ. ನೀವು ಬಂದು ಹೆಸರು ಹೇಳಿದ ಮೇಲೆ, ನಿಮ್ಮ ಗುಂಪಿಗೆ ಸರಿಹೊಂದುವ ಟೇಬಲ್ ಮೊದಲು ಯಾವುದು ಖಾಲಿ ಆಗುತ್ತದೋ ಅದನ್ನು ಕೊಡುತ್ತಾರೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಹೆಸರು ಬರೆಸಿ ಕಾಯುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ಬುಕಿಂಗ್ ಇದ್ದವರಿಗೆ ಆ ಪಟ್ಟಿಯಲ್ಲಿ ಮುಂದಿನ ಜಾಗ ಸಿಗುತ್ತದೆ, ಅಷ್ಟೇ.

ಹಾಗಾಗಿ ಸರಿಯಾದ ಹೊತ್ತಿಗೆ ಹೋದರೂ ಐದು ನಿಮಿಷದಿಂದ ಅರ್ಧ ಗಂಟೆವರೆಗೆ ಕಾಯುವುದು ಮಾಮೂಲು. ಇಬ್ಬರೇ ಇದ್ದರೆ ಬೇಗ ಆಗುತ್ತದೆ. ಎಂಟು ಜನ ಇದ್ದರೆ ದೊಡ್ಡ ಟೇಬಲ್ ಏಳುವವರೆಗೆ ಕಾಯಬೇಕು. ನಮ್ಮ ಮನೆಯವರು ಹೋದಾಗ ಯಾವಾಗಲೂ ಎಂಟು ಜನ.

ಹಾಗಾದರೆ ಅರ್ಧ ಮುಕ್ಕಾಲು ಗಂಟೆ ಮುಂಚೆಯೇ ಹೋಗಿ ಕೂತುಬಿಡೋಣವಾ?

ಬೇಡ. ಜಾಸ್ತಿ ಬೇಗ ಹೋದರೆ "ಇನ್ನೂ ನಿಮ್ಮ ಸಮಯ ಆಗಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅಂತ ನಗುನಗುತ್ತಾ ವಾಪಸ್ ಕಳಿಸುತ್ತಾರೆ. ರೆಸ್ಟೋರೆಂಟ್ ಖಾಲಿ ಹೊಡೆಯುತ್ತಿದ್ದರೆ ಒಳಗೆ ಬಿಡಬಹುದು, ಅದು ನಿಮ್ಮ ಅದೃಷ್ಟ. ಮಧ್ಯಾಹ್ನ ಒಂದು ಗಂಟೆ, ಸಂಜೆ ಆರು ಗಂಟೆಯಂಥ ಹೊತ್ತಿನಲ್ಲಿ ಆ ಅದೃಷ್ಟ ನಂಬಬೇಡಿ. ಹೊರಗೆ ಕೂರಲು ಬೆಂಚು ಇರುವ ಕಡೆ ಕಡಿಮೆ, ಫ್ಲೋರಿಡಾ ಬಿಸಿಲು ಮಂಗಳೂರಿನ ಮೇ ತಿಂಗಳ ಹಾಗೆ ಬೆವರಿಳಿಸುತ್ತದೆ. ಹಸಿದ ಮಕ್ಕಳನ್ನು ಇಟ್ಟುಕೊಂಡು ಅಲ್ಲಿ ಮುಕ್ಕಾಲು ಗಂಟೆ ನಿಲ್ಲುವುದು ಯಾರಿಗೂ ಬೇಡ.

ಲೇಟಾದರೆ ಟೇಬಲ್ ಹೋಗಿಯೇ ಬಿಡುತ್ತದಾ?

ಹತ್ತು ನಿಮಿಷ ಆಚೆ ಈಚೆ ಆದರೆ ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ. ಕಾಲು ಗಂಟೆ ದಾಟಿದರೆ ಕೌಂಟರಿನಲ್ಲಿರುವವರ ದೊಡ್ಡ ಮನಸ್ಸು, ಒಳಗಿನ ಜಾಗ ಎರಡೂ ಸೇರಿ ಬರಬೇಕು. ಕೂರಿಸಿದರೂ ಪಟ್ಟಿಯಲ್ಲಿ ಕೆಳಗೆ ಇಳಿದಿರುತ್ತೀರಿ.

ಹೋಗದೇ ಇದ್ದರೆ ದಂಡ ಇದೆ. ಬುಕ್ ಮಾಡುವಾಗ ಕಾರ್ಡ್ ನಂಬರ್ ತೆಗೆದುಕೊಂಡಿರುತ್ತಾರೆ. ಬಹುತೇಕ ರೆಸ್ಟೋರೆಂಟ್‌ಗಳಲ್ಲಿ ತಲೆಗೆ 10 ಡಾಲರ್. ಎಂಟು ಜನ ಅಂದರೆ 80 ಡಾಲರ್, ಒಂದು ಇಡ್ಲಿಯನ್ನೂ ತಿನ್ನದೆ! ಬರಲು ಆಗುವುದಿಲ್ಲ ಅನ್ನಿಸಿದರೆ ಎರಡು ಗಂಟೆ ಮುಂಚೆ ಡಿಸ್ನಿ ಆ್ಯಪ್‌ನಲ್ಲೇ ರದ್ದು ಮಾಡಿ, ಸಾಮಾನ್ಯವಾಗಿ ದಂಡ ಬೀಳುವುದಿಲ್ಲ. ಕೆಲವು ದುಬಾರಿ ಜಾಗಗಳಿಗೆ, ಮೊದಲೇ ದುಡ್ಡು ಕಟ್ಟಿಸಿಕೊಳ್ಳುವ ಷೋಗಳಿಗೆ ನಿಯಮ ಬೇರೆ. ಬುಕಿಂಗ್ ಮೇಲ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಸುಮ್ನೆ ಬಿಟ್ಟುಕೊಡಬೇಡಿ. ಹೋಗಿ, ಸಮಾಧಾನವಾಗಿ ವಿಷಯ ಹೇಳಿ. ಅಲ್ಲಿ ದಬಾಯಿಸಿದವರಿಗಿಂತ ಕೈಕೂಸು ಎತ್ತಿಕೊಂಡು ಮೆತ್ತಗೆ ಕೇಳಿದವರಿಗೆ ಬೇಗ ಕೆಲಸ ಆಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಹೋಗುತ್ತಿದ್ದೇವೆ. ಅರ್ಧ ಗಂಟೆ ಸಾಕಲ್ವಾ?

ಸಾಕಾಗುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಊರಿನ ಗಾತ್ರ ತಲೆಗೆ ಹೋಗಬೇಕು. ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕ್ ಅಲ್ಲ. ಸುಮಾರು 40 ಚದರ ಮೈಲಿ ಜಾಗ, ಹತ್ತಿರ ಹತ್ತಿರ ಸ್ಯಾನ್ ಫ್ರಾನ್ಸಿಸ್ಕೋ ನಗರದಷ್ಟು. ಅದರೊಳಗೆ ನಾಲ್ಕು ಪಾರ್ಕು (ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಆ್ಯನಿಮಲ್ ಕಿಂಗ್‌ಡಮ್), ಎರಡು ಡಜನ್‌ಗೂ ಹೆಚ್ಚು ಹೋಟೆಲು. ಮ್ಯಾಜಿಕ್ ಕಿಂಗ್‌ಡಮ್ ಅದರಲ್ಲಿ ಮೊದಲನೆಯದು, 1971ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ಅದರ ಗೇಟಿನ ಮುಂದೆ ಪಾರ್ಕಿಂಗ್ ಇಲ್ಲ. ಕಾರು ನಿಲ್ಲುವುದು ಕೆರೆಯ ಈಚೆ ದಡದಲ್ಲಿ, ಪಾರ್ಕ್ ಇರುವುದು ಆಚೆ ದಡದಲ್ಲಿ. ಕೆರೆ ದಾಟಲು ಮೋನೋರೈಲ್ ಅಥವಾ ಫೆರಿ ಹತ್ತಬೇಕು. ಬೇಕಂತಲೇ ಹೀಗೆ ಕಟ್ಟಿದ್ದಾರೆ, ದೂರದಿಂದ ಕೋಟೆ ಕಾಣಿಸಿ ಮಕ್ಕಳು ಬಾಯಿಬಿಡಲಿ ಅಂತ. ಬಾಯಿ ಬಿಡುತ್ತಾರೆ ನಿಜ. ಆದರೆ ಹೊತ್ತೂ ಹೋಗುತ್ತದೆ.

ಅಪ್ಪ ಅಮ್ಮ ಮೊದಲ ಸಲ ಬಂದಾಗ ಒಂದು ಗಂಟೆಗೆ ಊಟ ಬುಕ್ ಮಾಡಿದ್ದೆ. 12:10ಕ್ಕೆ ಕಾರು ನಿಲ್ಲಿಸಿ "ಇನ್ನೂ ಐವತ್ತು ನಿಮಿಷ ಇದೆ, ಆರಾಮ" ಅಂದೆ. ಮಗುವಿನ ತಳ್ಳುಗಾಡಿ, ಅಂದರೆ ಸ್ಟ್ರೋಲರ್ ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಹತ್ತು ನಿಮಿಷ. ಬ್ಯಾಗ್ ತಪಾಸಣೆಯಲ್ಲಿ ಅಮ್ಮನ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಆಚೆ ಬಂದವು. ಅದರಲ್ಲಿ ಕೋಡುಬಳೆ ಇದೆ ಅಂತ ಆ ಸಿಬ್ಬಂದಿಗೆ ಅಮ್ಮ ಕನ್ನಡದಲ್ಲೇ ವಿವರಿಸಿದರು. ಆಮೇಲೆ ಮೋನೋರೈಲ್ ಕಡೆ ತಿರುಗಿದರೆ ಅಪ್ಪ ದಡದ ಕಡೆ ನೋಡುತ್ತಾ ನಿಂತುಬಿಟ್ಟಿದ್ದರು. "ಇಷ್ಟು ದೂರ ಬಂದು ಹಡಗು ಹತ್ತದೆ ಹೋಗ್ತೀವಾ?" ಅಂದರು. ಒಂದು ಫೆರಿ ಕಣ್ಣೆದುರೇ ಹೊರಟಿತು. ಮುಂದಿನದು ಬಂದು, ತುಂಬಿ, ಆಚೆ ಮುಟ್ಟುವಾಗ 12:50. ಟಿಕೆಟ್ ಗೇಟಿನಲ್ಲಿ ಬೆರಳಚ್ಚು ಓದುವ ಯಂತ್ರ ಅಪ್ಪನ ಬೆರಳನ್ನು ಒಪ್ಪಲಿಲ್ಲ, ಮೂರು ಸಲ ಒರೆಸಿ ಇಡಬೇಕಾಯಿತು. ಅಲ್ಲಿಂದ ಅಮ್ಮನ ಮೊಣಕಾಲಿನ ವೇಗದಲ್ಲಿ ನಡೆದು ಕೌಂಟರ್ ಮುಂದೆ ನಿಂತಾಗ 1:25. ಟೇಬಲ್ ಸಿಕ್ಕಿತು, ಆದರೆ ಇನ್ನೂ ನಲವತ್ತು ನಿಮಿಷ ಕಾದ ಮೇಲೆ. ತಪ್ಪು ನಮ್ಮದೇ. ಅಷ್ಟರಲ್ಲಿ ಕೋಡುಬಳೆ ಡಬ್ಬಿ ಖಾಲಿ.

ಆವತ್ತಿನಿಂದ ನನ್ನ ಲೆಕ್ಕ ಹೀಗೆ. ಕಾರು ನಿಲ್ಲಿಸಿದ ಕ್ಷಣದಿಂದ ಕೌಂಟರ್‌ವರೆಗೆ ಒಂದು ಗಂಟೆ ಹದಿನೈದು ನಿಮಿಷ. ಫ್ಯಾಂಟಸಿಲ್ಯಾಂಡ್‌ನ ಬಿ ಅವರ್ ಗೆಸ್ಟ್ ರೆಸ್ಟೋರೆಂಟ್‌ನಂತೆ ಪಾರ್ಕಿನ ಹಿಂದುಗಡೆ ಇರುವ ಜಾಗವಾದರೆ ಒಂದೂವರೆ ಗಂಟೆ. ಉಬರ್, ಲಿಫ್ಟ್ (Lyft) ಟ್ಯಾಕ್ಸಿಗಳು ಕೂಡ ಕೆರೆಯ ಈಚೆಯೇ ಇಳಿಸುತ್ತವೆ, ಅದರಿಂದ ಹೊತ್ತು ಉಳಿಯುವುದಿಲ್ಲ. ಡಿಸ್ನಿ ಹೋಟೆಲಿನ ಬಸ್ಸುಗಳು ಮಾತ್ರ ಸೀದಾ ಪಾರ್ಕಿನ ಗೇಟಿಗೇ ಹೋಗುತ್ತವೆ.

ಪಾರ್ಕಿನೊಳಗೇ ಇದ್ದೇವೆ. ಆಗ?

ಆಗ ಅರ್ಧ ಗಂಟೆ ಮುಂಚೆ ಆ ದಿಕ್ಕಿಗೆ ಕಾಲು ಹಾಕಿ. ಬೀಳುವ ತೊಡಕು ಒಂದೇ, ಮೆರವಣಿಗೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮಧ್ಯಾಹ್ನದ ಪೆರೇಡ್ ಫ್ರಾಂಟಿಯರ್‌ಲ್ಯಾಂಡ್ ಕಡೆಯಿಂದ ಲಿಬರ್ಟಿ ಸ್ಕ್ವೇರ್ ದಾಟಿ, ಕೋಟೆಯ ಮುಂದೆ ಸುತ್ತಿ ಮೇನ್ ಸ್ಟ್ರೀಟ್‌ಗೆ ಇಳಿಯುತ್ತದೆ. ದಸರಾ ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆ ದಾಟಲು ನೋಡಿದವರಿಗೆ ಹೇಳಬೇಕಾಗಿಲ್ಲ. ಹಗ್ಗ ಕಟ್ಟಿರುತ್ತಾರೆ, ದಾಟಲು ಒಂದೆರಡು ಕಡೆ ಮಾತ್ರ ಬಿಡುತ್ತಾರೆ. ಲಿಬರ್ಟಿ ಟ್ರೀ ಟಾವರ್ನ್ ರೆಸ್ಟೋರೆಂಟ್ ಆ ದಾರಿಯಲ್ಲೇ ಇದೆ. ಆ್ಯಪ್‌ನಲ್ಲಿ ಪೆರೇಡ್ ಸಮಯ ನೋಡಿ, ಅದು ಶುರುವಾಗುವ ಮುಂಚೆಯೇ ನಿಮಗೆ ಬೇಕಾದ ಬದಿಗೆ ಹೋಗಿಬಿಡಿ.

ಎಪ್ಕಾಟ್‌ನಲ್ಲಿ ಕಾರು ಗೇಟಿನ ಹತ್ತಿರವೇ ನಿಲ್ಲುತ್ತದಂತೆ. ಅಲ್ಲಿ ಸುಲಭ ಅಲ್ವಾ?

ಗೇಟಿನವರೆಗೆ ಸುಲಭ. ಆಮೇಲೆ ನಡಿಗೆ. ಎಪ್ಕಾಟ್‌ನ ಹಿಂಭಾಗದಲ್ಲಿ ಒಂದು ದೊಡ್ಡ ಕೆರೆ, ಅದರ ಸುತ್ತ 11 ದೇಶಗಳ ಮಂಟಪಗಳು. ಒಳ್ಳೊಳ್ಳೆಯ ರೆಸ್ಟೋರೆಂಟ್‌ಗಳೆಲ್ಲ ಅಲ್ಲೇ. ಕೆರೆ ಸುತ್ತುವ ದಾರಿಯೇ 1.2 ಮೈಲಿ, ಎರಡು ಕಿಲೋಮೀಟರ್ ಹತ್ತಿರ. ಕೆರೆಯ ಮುಂದೆ ನಿಂತರೆ ಎಡಕ್ಕೆ ಮೊದಲು ಮೆಕ್ಸಿಕೊ, ಬಲಕ್ಕೆ ಮೊದಲು ಕೆನಡಾ. ಎದುರು ದಡದಲ್ಲಿ ಅಮೆರಿಕ. ಅದರ ಎರಡು ಪಕ್ಕದಲ್ಲಿ ಇಟಲಿ, ಜಪಾನ್.

ಮುಂದಿನ ಗೇಟಿನಿಂದ ಮೆಕ್ಸಿಕೊ, ಕೆನಡಾಗೆ ಕಾಲು ಗಂಟೆ ನಡಿಗೆ ಇಟ್ಟುಕೊಳ್ಳಿ. ಇಟಲಿಯ ವಿಯಾ ನಾಪೋಲಿಗೋ ಜಪಾನಿನ ಟೆಪ್ಪನ್ ಎಡೋಗೋ ಹೋಗುವುದಾದರೆ ಅರ್ಧ ಗಂಟೆ. ಹಿರಿಯರಿದ್ದರೆ ಇನ್ನೂ ಹತ್ತು ನಿಮಿಷ. ವಿಯಾ ನಾಪೋಲಿಯಲ್ಲಿ ಮೂರು ಕಟ್ಟಿಗೆ ಒಲೆ ಇವೆ, ಮೂರಕ್ಕೂ ಇಟಲಿಯ ಜ್ವಾಲಾಮುಖಿಗಳ ಹೆಸರು. ನಮ್ಮ ಮಾವನವರಿಗೆ ಇಡೀ ಡಿಸ್ನಿಯಲ್ಲಿ ಇಷ್ಟವಾಗಿದ್ದು ಅದೊಂದೇ.

ಒಂದು ಉಪಾಯ ಇದೆ. ಎಪ್ಕಾಟ್‌ಗೆ ಹಿಂದುಗಡೆ ಇನ್ನೊಂದು ಬಾಗಿಲಿದೆ, ಇಂಟರ್‌ನ್ಯಾಷನಲ್ ಗೇಟ್‌ವೇ ಅಂತ. ಅದು ತೆರೆಯುವುದು ಫ್ರಾನ್ಸ್ ಮತ್ತು ಬ್ರಿಟನ್ ಮಂಟಪಗಳ ನಡುವೆ. ಸ್ಕೈಲೈನರ್ ಎಂಬ ತೂಗುಗಾಡಿ ಬರುವುದೂ ಅಲ್ಲಿಗೇ. ಊಟ ಫ್ರಾನ್ಸ್, ಮೊರಾಕೊ, ಜಪಾನ್ ಕಡೆ ಇದ್ದರೆ ಆ ಬಾಗಿಲೇ ಸರಿ. ಅಂದಹಾಗೆ, ಈ 11 ದೇಶಗಳಲ್ಲಿ ಭಾರತ ಇಲ್ಲ. ಪ್ರತಿ ಸಲವೂ ಯಾರಾದರೂ ಒಬ್ಬರು ಹುಡುಕಿ ಬೇಜಾರು ಮಾಡಿಕೊಳ್ಳುತ್ತಾರೆ.

ಹಾಲಿವುಡ್ ಸ್ಟುಡಿಯೋಸ್, ಆ್ಯನಿಮಲ್ ಕಿಂಗ್‌ಡಮ್?

ಎರಡಕ್ಕೂ ಕಾರು ನಿಲ್ಲಿಸಿದಲ್ಲಿಂದ ಕೌಂಟರ್‌ವರೆಗೆ 45 ನಿಮಿಷ ಇಟ್ಟುಕೊಂಡರೆ ಆತುರಪಡಬೇಕಾಗಿಲ್ಲ. ಆ್ಯನಿಮಲ್ ಕಿಂಗ್‌ಡಮ್‌ನ ಯಾಕ್ ಅಂಡ್ ಯೆಟಿ ರೆಸ್ಟೋರೆಂಟ್ ಸ್ವಲ್ಪ ಒಳಗಿದೆ, ಅದಕ್ಕೆ ಇನ್ನೂ ಹತ್ತು ನಿಮಿಷ ಸೇರಿಸಿ.

ನಾವು ಡಿಸ್ನಿ ಹೋಟೆಲಲ್ಲೇ ಇದ್ದೇವೆ. ಇನ್ನೊಂದು ಡಿಸ್ನಿ ಹೋಟೆಲಲ್ಲಿ ತಿಂಡಿ ಬುಕ್ ಮಾಡಿದ್ದೇವೆ. ಬಸ್ ಇದೆಯಲ್ಲ?

ಬಸ್ಸು ಹೋಟೆಲಿನಿಂದ ಪಾರ್ಕಿಗೆ ಇದೆ. ಹೋಟೆಲಿನಿಂದ ಹೋಟೆಲಿಗೆ ನೇರ ಬಸ್ ಇಲ್ಲ. ಯಾವುದಾದರೂ ಪಾರ್ಕಿಗೆ ಹೋಗಿ ಅಲ್ಲಿಂದ ಬಸ್ ಬದಲಿಸಬೇಕು. ಮೆಜೆಸ್ಟಿಕ್‌ಗೆ ಹೋಗಿ ಬೇರೆ ಬಸ್ ಹಿಡಿದ ಹಾಗೆ. ಒಂದೊಂದು ಬಸ್ಸಿಗೆ ಇಪ್ಪತ್ತು ನಿಮಿಷ ಕಾಯುವುದು ಸೇರಿದರೆ ಒಂದೂವರೆ ಗಂಟೆಗೂ ಭರವಸೆ ಇಲ್ಲ. ಬೆಳಿಗ್ಗೆ ತಿಂಡಿಗೆ ಹೋಗುವುದಾದರೆ ಕಾರಲ್ಲಿ ಹೋಗಿ, ಇಲ್ಲವೇ ಟ್ಯಾಕ್ಸಿ ಕರೆಸಿ. ಇಪ್ಪತ್ತು ನಿಮಿಷದಲ್ಲಿ ಮುಗಿಯುವ ದಾರಿಗೆ ಹತ್ತಿಪ್ಪತ್ತು ಡಾಲರ್ ಉಳಿಸಲು ಹೋಗಬೇಡಿ.

ಹೋಟೆಲಿನ ಗೇಟಿನಲ್ಲಿ ಕಾವಲಿನವರು ಯಾಕೆ ಬಂದಿರಿ ಅಂತ ಕೇಳುತ್ತಾರೆ. ಬುಕಿಂಗ್ ಇರುವ ಫೋನ್ ಕೈಯಲ್ಲಿರಲಿ. ಬುಕಿಂಗ್‌ಗಿಂತ ತುಂಬಾ ಮುಂಚೆ ಹೋದರೆ ಒಳಗೆ ಬಿಡದೇ ಇರಬಹುದು.

ಮೋನೋರೈಲ್ ದಾರಿಯಲ್ಲಿರುವ ಮೂರು ಹೋಟೆಲುಗಳ ಮಾತು ಬೇರೆ. ಕಂಟೆಂಪರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೋರಿಡಿಯನ್ ಮೂರಕ್ಕೂ ಮ್ಯಾಜಿಕ್ ಕಿಂಗ್‌ಡಮ್‌ನಿಂದ ಮೋನೋರೈಲಿನಲ್ಲೇ ಹೋಗಬಹುದು. ಕಂಟೆಂಪರರಿಗೆ ನಡೆದೇ ಹೋದರೆ ಹತ್ತು ನಿಮಿಷ.

ಪಾರ್ಕ್ ತೆರೆಯುವ ಮುಂಚೆಯೇ ತಿಂಡಿಗೆ ಬುಕಿಂಗ್ ಸಿಕ್ಕಿದೆ. ಒಳಗೆ ಬಿಡುತ್ತಾರಾ?

ಬಿಡುತ್ತಾರೆ. ಗೇಟಿನಲ್ಲಿ ಬುಕಿಂಗ್ ತೋರಿಸಬೇಕು. ಟಿಕೆಟ್ ಇರಲೇಬೇಕು ಅನ್ನುವುದು ಮರೆಯಬೇಡಿ, ಪಾರ್ಕಿನೊಳಗಿನ ರೆಸ್ಟೋರೆಂಟ್‌ಗೆ ಊಟದ ಬುಕಿಂಗ್ ಒಂದೇ ಸಾಲದು. ಹೋಟೆಲುಗಳಲ್ಲಿ, ಡಿಸ್ನಿ ಸ್ಪ್ರಿಂಗ್ಸ್ ಎಂಬ ಅಂಗಡಿ ಊಟದ ಬೀದಿಯಲ್ಲಿ ಇರುವ ರೆಸ್ಟೋರೆಂಟ್‌ಗಳಿಗೆ ಟಿಕೆಟ್ ಬೇಕಾಗಿಲ್ಲ.

ಹೂಪ್-ಡೀ-ಡೂ ಷೋಗೆ ಅಷ್ಟು ಬೇಗ ಬನ್ನಿ ಅನ್ನುತ್ತಾರಲ್ಲ, ಯಾಕೆ?

1974ರಿಂದ ನಡೆಯುತ್ತಿರುವ ಹಾಡು ಕುಣಿತ ಊಟ ಎಲ್ಲ ಸೇರಿದ ಷೋ ಇದು. ದುಡ್ಡು ಮೊದಲೇ ಕಟ್ಟಿರುತ್ತೀರಿ. ಷೋ ನಿಮಗಾಗಿ ಕಾಯುವುದಿಲ್ಲ. ಇದರ ಮೇಲೆ ಅದು ನಡೆಯುವ ಪಯೊನೀರ್ ಹಾಲ್ ಇರುವುದು ಫೋರ್ಟ್ ವಿಲ್ಡರ್‌ನೆಸ್ ಎಂಬ ಕಾಡಿನಂಥ ಜಾಗದ ತುದಿಯಲ್ಲಿ. ಅಲ್ಲಿಯವರೆಗೆ ಕಾರು ಹೋಗುವುದಿಲ್ಲ. ಮುಂದುಗಡೆ ಕಾರು ನಿಲ್ಲಿಸಿ, ಒಳಗಿನ ಬಸ್ ಹಿಡಿದು, ಅದು ಒಂದೊಂದೇ ನಿಲ್ದಾಣದಲ್ಲಿ ನಿಂತು ನಿಂತು ತಲುಪಿಸಬೇಕು. ಕಾರು ನಿಲ್ಲಿಸಿದ ಮೇಲೆ ಒಂದು ಗಂಟೆ ಇರಲಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಇದ್ದರೆ ಅಲ್ಲಿಂದ ದೋಣಿ ಇದೆ, ಅದು ಹಾಲ್‌ಗೆ ಹತ್ತಿರವೇ ಇಳಿಸುತ್ತದೆ. ನನ್ನನ್ನು ಕೇಳಿದರೆ ದೋಣಿಯೇ ವಾಸಿ.

ಸನಾಗೆ ಎಷ್ಟು ಹೊತ್ತಿಗೆ ಹೋದರೆ ಜಿರಾಫೆ ಕಾಣುತ್ತದೆ?

ನಮ್ಮವರಲ್ಲಿ ಜಾಸ್ತಿ ಜನ ಕೇಳುವ ರೆಸ್ಟೋರೆಂಟ್ ಇದು. ಆ್ಯನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್ ಎಂಬ ಭಾಗದಲ್ಲಿದೆ. ಪಾರ್ಕಿನೊಳಗೆ ಅಲ್ಲ, ಹೋಟೆಲಿನಲ್ಲಿ. ಅಡುಗೆ ಆಫ್ರಿಕಾದ್ದು, ಮಸಾಲೆ ನಮ್ಮದು. ನಾನ್ ಮತ್ತು ಬೇರೆ ಬೇರೆ ರೊಟ್ಟಿಗಳ ತಟ್ಟೆ, ಅದರ ಜೊತೆ ಸಾಲಾಗಿ ಪುಟ್ಟ ಬಟ್ಟಲುಗಳಲ್ಲಿ ಚಟ್ನಿ, ರಾಯತ, ಉಪ್ಪಿನಕಾಯಿ. ನಾಲ್ಕು ದಿನ ಪಿಜ್ಜಾ ತಿಂದು ನಾಲಿಗೆ ಸತ್ತುಹೋದವರಿಗೆ ಆ ಕೊತ್ತಂಬರಿ ಚಟ್ನಿ ಅಮೃತ.

ಕಿಟಕಿಯ ಆಚೆ ಹುಲ್ಲುಗಾವಲು. ಅದರಲ್ಲಿ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಹಾಗಾಗಿ ಇಲ್ಲಿ ಎಷ್ಟು ಮುಂಚೆ ಅನ್ನುವುದಕ್ಕಿಂತ ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅನ್ನುವುದು ಮುಖ್ಯ. ಡಿಸೆಂಬರ್‌ನಲ್ಲಿ ಒರ್ಲ್ಯಾಂಡೊದಲ್ಲಿ ಐದೂವರೆಗೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಎಂಟೂಕಾಲು ದಾಟುತ್ತದೆ. ಚಳಿಗಾಲದಲ್ಲಿ ಏಳು ಗಂಟೆಗೆ ಬುಕ್ ಮಾಡಿದರೆ ಕಿಟಕಿಯಲ್ಲಿ ನಿಮ್ಮ ಮುಖವೇ ಕಾಣುವುದು. ಮಧ್ಯಾಹ್ನದ ಊಟಕ್ಕೇ ಹೋಗಿ. ಇದೊಂದು ಜಾಗಕ್ಕೆ ಮಾತ್ರ ಅರ್ಧ ಗಂಟೆ ಬೇಗ ಹೋದರೆ ನಷ್ಟ ಇಲ್ಲ. ಊಟ ಇಲ್ಲದೆಯೂ ಹೊರಗಿನ ಕಟ್ಟೆಯಿಂದ ಪ್ರಾಣಿಗಳನ್ನು ನೋಡುತ್ತಾ ನಿಲ್ಲಬಹುದು.

ಕೌಂಟರ್ ಒಂದು ಕಡೆ, ಊಟ ಇನ್ನೊಂದು ಕಡೆ ಇರುತ್ತದಂತೆ?

ಕೆಲವು ಕಡೆ ಹೌದು. ಕ್ಯಾಲಿಫೋರ್ನಿಯಾ ಗ್ರಿಲ್ ಇರುವುದು ಕಂಟೆಂಪರರಿ ಹೋಟೆಲಿನ 15ನೇ ಮಹಡಿಯಲ್ಲಿ. ಹೆಸರು ಹೇಳುವುದು ಎರಡನೇ ಮಹಡಿಯಲ್ಲಿ. ಅಲ್ಲಿಂದ ಅವರೇ ಲಿಫ್ಟ್‌ನಲ್ಲಿ ಮೇಲೆ ಕಳಿಸುತ್ತಾರೆ. ಗೊತ್ತಿಲ್ಲದವರು ಲಿಫ್ಟ್‌ನಲ್ಲಿ 15 ಒತ್ತುತ್ತಾ ನಿಂತಿರುತ್ತಾರೆ.

ಎಪ್ಕಾಟ್‌ನ ಸ್ಪೇಸ್ 220ರಲ್ಲಿ ಹೆಸರು ಹೇಳಿದ ಮೇಲೆ ಬಾಹ್ಯಾಕಾಶಕ್ಕೆ ಹೋಗುವ ಲಿಫ್ಟ್ ಎಂಬ ಆಟ ಇದೆ. ಕೆಳಗೆ ನೋಡಿದರೆ ಎಪ್ಕಾಟ್ ಚಿಕ್ಕದಾಗುತ್ತಾ ಹೋಗುತ್ತದೆ. ಗುಂಪು ಗುಂಪಾಗಿ ಕಳಿಸುತ್ತಾರೆ. ಇಂಥ ಕಡೆ 15ರ ಬದಲು 20 ನಿಮಿಷ ಮುಂಚೆ ಹೋಗಿ.

ಆ್ಯಪ್‌ನಲ್ಲಿ ಚೆಕ್-ಇನ್ ಮಾಡಿದರೆ ಕೌಂಟರ್‌ಗೆ ಹೋಗುವುದೇ ಬೇಡವಾ?

ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪ್‌ನಲ್ಲಿ ಬುಕಿಂಗ್ ಸಮಯ ಹತ್ತಿರ ಬಂದಾಗ, ನೀವೂ ರೆಸ್ಟೋರೆಂಟ್ ಹತ್ತಿರ ಇದ್ದಾಗ, ಚೆಕ್-ಇನ್ ಬಟನ್ ಬರುತ್ತದೆ. ಲೊಕೇಶನ್ ಆನ್ ಇರಬೇಕು. ಒತ್ತಿದರೆ ಪಟ್ಟಿಗೆ ಸೇರುತ್ತೀರಿ. ಟೇಬಲ್ ಸಿದ್ಧವಾದಾಗ ಫೋನಿಗೆ ಸಂದೇಶ ಬರುತ್ತದೆ. ಆಮೇಲೆ ಕೌಂಟರ್‌ಗೆ ಹೋದರೆ ಸಾಕು.

ಬುಕಿಂಗ್ ಮಾಡಿದ್ದು ಅಪ್ಪನ ಇಂಡಿಯಾ ಸಿಮ್ಮಿನ ನಂಬರಿನಲ್ಲಿ ಆಗಿದ್ದರೆ ಆ ಸಂದೇಶ ಯಾವಾಗ ಬರುತ್ತದೋ ದೇವರೇ ಬಲ್ಲ. ಅಮೆರಿಕದ ನಂಬರ್ ಇರುವವರ ಹೆಸರಲ್ಲೇ ಬುಕ್ ಮಾಡಿ. ಇಲ್ಲದಿದ್ದರೆ ಕೌಂಟರ್‌ನಲ್ಲೇ ಹೆಸರು ಹೇಳಿ, ಅಲ್ಲೇ ಕಣ್ಣಳತೆಯಲ್ಲಿ ಇರಿ. ಪಾರ್ಕಿನಲ್ಲಿ ವೈಫೈ ಪುಕ್ಕಟೆ ಇದೆ, ಆದರೆ ಜನ ತುಂಬಿದಾಗ ಎಳೆಯುತ್ತದೆ. ಬ್ಯಾಟರಿಯೂ ನೋಡಿಕೊಳ್ಳಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಫೋನೂ ಕೆಂಪಾಗಿರುತ್ತದೆ.

ಎಲ್ಲರೂ ಬಂದ ಮೇಲೆಯೇ ಕೂರಿಸುತ್ತಾರಾ?

ಬಹುತೇಕ ಹಾಗೆ. ಹೆಸರು ಹೇಳಲು ಒಬ್ಬರು ಸಾಕು, ಟೇಬಲ್‌ಗೆ ಕರೆಯುವಾಗ ಎಲ್ಲರೂ ಇರಬೇಕು. ನಮ್ಮಲ್ಲಿ ಒಬ್ಬ ಚುರುಕಿನವನನ್ನು ಮುಂದೆ ಓಡಿಸಿ, ಉಳಿದವರು ಹಿಂದೆ ಬರುತ್ತೇವೆ. ಸೋದರಳಿಯ ಹದಿನಾರು ದಾಟಿದ ಮೇಲೆ ಆ ಕೆಲಸ ಅವನದ್ದೇ. ಹೊರಡುವ ಮುಂಚೆ ಎಲ್ಲರೂ ಟಾಯ್ಲೆಟ್‌ಗೆ ಹೋಗಿ ಬನ್ನಿ ಅಂತ ಹೇಳಿ. ಅತ್ತೆ ಟಾಯ್ಲೆಟ್‌ನಲ್ಲಿ ಇದ್ದಾಗಲೇ ಹೆಸರು ಕೂಗುತ್ತಾರೆ, ಅದು ನಿಯಮ ಅನ್ನುವಷ್ಟು ಖಾತ್ರಿ.

ಮಧ್ಯದಲ್ಲಿ ಒಂದು ಗಂಟೆ ಇದೆ. ಒಂದು ರೈಡ್ ಮುಗಿಸಿಕೊಂಡು ಬರಬಹುದಾ?

ಕ್ಯೂ 20 ನಿಮಿಷ ಅಂತ ತೋರಿಸಿದರೆ ಹೋಗಿ. 40 ಅಂದರೆ ಬೇಡ. ರೈಡ್‌ಗಳು ಮಧ್ಯದಲ್ಲಿ ಕೆಟ್ಟು ನಿಲ್ಲುವುದು ಅಪರೂಪವೇನಲ್ಲ. ಒಳಗೆ ಸಿಕ್ಕಿಹಾಕಿಕೊಂಡರೆ ಊಟವೂ ಇಲ್ಲ, ರೈಡೂ ಇಲ್ಲ.

ನಾವು ಶುದ್ಧ ಸಸ್ಯಾಹಾರಿಗಳು. ಅದಕ್ಕೆ ಇನ್ನೂ ಬೇಗ ಹೋಗಬೇಕಾ?

ಬೇಗ ಹೋಗಬೇಕಾಗಿಲ್ಲ, ಬುಕ್ ಮಾಡುವಾಗ ಮತ್ತು ಕೌಂಟರಿನಲ್ಲಿ ಎರಡು ಕಡೆಯೂ ಹೇಳಬೇಕು. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದರಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇಲ್ಲ ಅಂತ ಅರ್ಥ. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ತಿನ್ನುತ್ತೀರಿ ಅಂದುಕೊಳ್ಳುತ್ತಾರೆ. ಮೀನು ಬೇಡ, ಮೊಟ್ಟೆ ಬೇಡ, ಕೋಳಿ ಸಾರಿನಲ್ಲಿ ಬೇಯಿಸಿದ ಅನ್ನ ಬೇಡ ಅಂತ ಬಿಡಿಸಿ ಹೇಳಿ. ಅಲರ್ಜಿ ಇದ್ದರೆ ಅಡುಗೆಯವರನ್ನೇ ಕರೆಸಿ ಮಾತಾಡಬಹುದು. ಈರುಳ್ಳಿ ಬೆಳ್ಳುಳ್ಳಿ ಬೇಡ ಅನ್ನುವವರೂ ಅದನ್ನೇ ಮಾಡಿ. ಇದಕ್ಕೆ ಟೇಬಲ್‌ನಲ್ಲಿ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಟೆಪ್ಪನ್ ಎಡೋದಲ್ಲಿ ಎಲ್ಲರ ಮುಂದೆ ಒಂದೇ ಕಾವಲಿಯ ಮೇಲೆ ಬೇಯಿಸುತ್ತಾರೆ, ಮಡಿಯವರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಚಿಕ್ಕ ಮಗು ಇದೆ. ಲೆಕ್ಕಕ್ಕೆ ಸೇರಿಸಬೇಕಾ?

ಸೇರಿಸಲೇಬೇಕು, ಕೂಸಾದರೂ ಸರಿ. ಮೂರು ವರ್ಷದ ಒಳಗಿನವರಿಗೆ ಬಫೆಯಲ್ಲಿ ದುಡ್ಡಿಲ್ಲ, ಆದರೆ ಕುರ್ಚಿ ಬೇಕಲ್ಲ. ಮೂರರಿಂದ ಒಂಬತ್ತು ಮಕ್ಕಳ ದರ, ಹತ್ತಾದರೆ ದೊಡ್ಡವರ ದರ. ಸ್ಟ್ರೋಲರ್ ಹೊರಗೇ ನಿಲ್ಲಿಸಬೇಕು. ಅದರ ಹಿಡಿಕೆಗೆ ಒಂದು ಬಣ್ಣದ ಬಟ್ಟೆ ಕಟ್ಟಿ. ವಾಪಸ್ ಬಂದಾಗ ಒಂದೇ ತರದ ಐವತ್ತು ಸ್ಟ್ರೋಲರ್ ಇರುತ್ತವೆ.

ಮಳೆ ಬಂದರೆ?

ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ಹೆಚ್ಚುಕಡಿಮೆ ದಿನವೂ ಇದೆ. ಮಿಂಚಿದರೆ ಸ್ಕೈಲೈನರ್ ನಿಲ್ಲಿಸುತ್ತಾರೆ, ದೋಣಿಗಳನ್ನೂ ನಿಲ್ಲಿಸುತ್ತಾರೆ. ಮೋಡ ಕಪ್ಪಾಗಿದ್ದರೆ ಬಸ್ಸಿಗೆ ಹೋಗಿ, ಇನ್ನೂ ಅರ್ಧ ಗಂಟೆ ಮುಂಚೆ ಹೊರಡಿ.

ಬುಕಿಂಗ್ ಯಾವಾಗ ಮಾಡಬೇಕು? ಬೆಂಗಳೂರಿನಿಂದ ಮಾಡಬಹುದಾ?

60 ದಿನ ಮುಂಚೆ. ಡಿಸ್ನಿ ಹೋಟೆಲಲ್ಲಿ ಇಳಿಯುವವರು ಬರುವ ದಿನಕ್ಕೆ 60 ದಿನ ಇರುವಾಗಲೇ, ಹತ್ತು ದಿನದವರೆಗಿನ ಊಟಗಳನ್ನೆಲ್ಲ ಒಟ್ಟಿಗೆ ಬುಕ್ ಮಾಡಬಹುದು. ಬುಕಿಂಗ್ ತೆರೆಯುವುದು ಫ್ಲೋರಿಡಾದ ಬೆಳಗಿನ ಆರರ ಹೊತ್ತಿಗೆ. ಬೆಂಗಳೂರಿನಲ್ಲಿ ಆಗ ಬೇಸಿಗೆಯಾದರೆ ಮಧ್ಯಾಹ್ನ ಮೂರೂವರೆ, ಚಳಿಗಾಲವಾದರೆ ನಾಲ್ಕೂವರೆ. ನಾವು ಅಲಾರಾಂ ಇಟ್ಟು ನಿದ್ದೆಗಣ್ಣಲ್ಲಿ ಒದ್ದಾಡುತ್ತೇವೆ. ನೀವು ಕಾಫಿ ಕುಡಿಯುತ್ತಾ ಮಾಡಬಹುದು, ಆ ಮಟ್ಟಿಗೆ ನೀವೇ ಪುಣ್ಯವಂತರು. ಕೋಟೆಯೊಳಗಿನ ಸಿಂಡ್ರೆಲಾಸ್ ರಾಯಲ್ ಟೇಬಲ್ ಬೇಕಿದ್ದರೆ ಮೊದಲು ಅದಕ್ಕೇ ಕೈ ಹಾಕಿ.

ಬುಕಿಂಗ್ ಸಿಗಲೇ ಇಲ್ಲ. ಹಾಗೇ ಹೋಗಬಹುದಾ?

ಆ್ಯಪ್‌ನಲ್ಲಿ ಬುಕಿಂಗ್ ಇಲ್ಲದವರ ಸರದಿ ಪಟ್ಟಿ ಇದೆ, ರೆಸ್ಟೋರೆಂಟ್‌ನಲ್ಲಿ ಜಾಗ ಇದ್ದಾಗ ತೆರೆಯುತ್ತದೆ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ನೋಡಿ, ಆಗ ಸಿಗುವ ಸಾಧ್ಯತೆ ಜಾಸ್ತಿ. ಊಟಕ್ಕೆ ಎರಡು ಮೂರು ಗಂಟೆ ಇರುವಾಗಲೂ ಹುಡುಕಿ. ದಂಡ ತಪ್ಪಿಸಿಕೊಳ್ಳಲು ಜನ ಆಗಲೇ ರದ್ದು ಮಾಡುವುದು.

ಏನೂ ಸಿಗಲಿಲ್ಲ ಅಂದರೆ ಪುಳಿಯೋಗರೆ ಕಟ್ಟಿಕೊಂಡು ಹೋಗಿ. ತಮಾಷೆ ಅಲ್ಲ, ಮನೆಯ ಊಟ ಪಾರ್ಕಿನೊಳಗೆ ಬಿಡುತ್ತಾರೆ. ಗಾಜಿನ ಬಾಟಲಿ ಮಾತ್ರ ಬೇಡ, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗೂ ಇದೇ ಲೆಕ್ಕವಾ?

ಕೌಂಟರ್‌ನಲ್ಲಿ 15 ನಿಮಿಷ ಮುಂಚೆ, 60 ದಿನದ ಬುಕಿಂಗ್, ಇವೆರಡೂ ಅದೇ. ದಾರಿಯ ಲೆಕ್ಕ ಬೇರೆ. ಅನಹೈಮ್‌ನ ಡಿಸ್ನಿಲ್ಯಾಂಡ್ 1955ರದ್ದು, ಊರ ಮಧ್ಯದಲ್ಲಿದೆ, ಚಿಕ್ಕದು. ಎರಡು ಪಾರ್ಕುಗಳ ಗೇಟು ಎದುರು ಬದುರು. ಕೆರೆ ದಾಟುವುದೆಲ್ಲ ಇಲ್ಲ. ಕಾರು ನಿಲ್ಲಿಸಿದ ಮೇಲೆ ಮುಕ್ಕಾಲು ಗಂಟೆ ಇಟ್ಟುಕೊಂಡರೆ ಅಲ್ಲಿನ ಬ್ಲೂ ಬಾಯು ರೆಸ್ಟೋರೆಂಟ್‌ಗೆ ಆರಾಮಾಗಿ ಮುಟ್ಟಬಹುದು.

ರಾತ್ರಿ ಪಟಾಕಿ ನೋಡಬೇಕು. ಊಟ ಎಷ್ಟು ಹೊತ್ತಿಗೆ ಇಟ್ಟುಕೊಳ್ಳಲಿ?

ಪಟಾಕಿಗೆ ಎರಡೂವರೆ ಗಂಟೆ ಮುಂಚೆ. ಕಾಯುವುದಕ್ಕೆ ಕಾಲು ಗಂಟೆ, ಊಟಕ್ಕೆ ಒಂದೂಕಾಲು ಗಂಟೆ, ಬಿಲ್ ಬರುವುದಕ್ಕೆ ಇನ್ನೊಂದಷ್ಟು ಹೊತ್ತು. ಮಿಕ್ಕಿ, ಡೊನಾಲ್ಡ್ ಟೇಬಲ್ಲಿಗೆ ಬರುವ ಊಟವಾದರೆ ಒಂದೂವರೆ ಗಂಟೆ ಹಿಡಿಯಿರಿ. ಅವರು ಎಲ್ಲ ಟೇಬಲ್ ಸುತ್ತಿ ನಿಮ್ಮ ಹತ್ತಿರ ಬರಬೇಕಲ್ಲ. ದೊಡ್ಡ ಗುಂಪಾದರೆ ಟಿಪ್ಸ್ ಬಿಲ್ಲಿನಲ್ಲೇ ಸೇರಿರಬಹುದು, ನೋಡಿಕೊಂಡು ಕೊಡಿ. ನಮ್ಮ ಮಾವ ಒಂದು ಸಲ ಎರಡೆರಡು ಸಲ ಕೊಟ್ಟು ಬಂದರು.

ಕೋಟೆಯ ಮುಂದೆ ಜಾಗ ಹಿಡಿಯಲು ಮುಕ್ಕಾಲು ಗಂಟೆ ಮುಂಚೆಯೇ ಜನ ನೆಲದ ಮೇಲೆ ಕೂತಿರುತ್ತಾರೆ. ಪಟಾಕಿ ಮುಗಿದ ಮೇಲೆ ಇಡೀ ಪಾರ್ಕು ಒಂದೇ ಸಲಕ್ಕೆ ಮೋನೋರೈಲಿಗೆ ನುಗ್ಗುತ್ತದೆ. ಆಗ ನಾವು ಅಪ್ಪನ ಮಾತೇ ಕೇಳುವುದು, ಫೆರಿ ಹತ್ತುವುದು. ಅದರಲ್ಲಿ ಒಂದೇ ಸಲಕ್ಕೆ ನೂರಾರು ಜನ ಹಿಡಿಯುತ್ತಾರೆ, ಗಾಳಿಯೂ ಬರುತ್ತದೆ.